ತೋಪು ಇದ್ದಲ್ಲೇ ಇರಲಿ, ನಾವು ಅಲ್ಲಿಗೆ ಹೋಗೋಣ

ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1854ರಲ್ಲಿ ಹರಾಜಿಗೆ ಬಂದಿತ್ತು. ಊರಲ್ಲಿ ಬಿದ್ದಿರುವ ನಿರುಪಯೋಗಿ ಸರಕಾರಿ ಸಾಮಾನನ್ನೆಲ್ಲ ಮಾರಿಬಿಡಿ ಎಂದು ಸತಾರಾದಿಂದ ಹುಕುಂ ಬಂದಾಗ ಆ ಪಟ್ಟಿಯಲ್ಲಿ ಇದೂ ಸೇರಿತು. ಹರಾಜಿನಲ್ಲಿ ಕೂಗಿದ ಅತಿ ಹೆಚ್ಚಿನ ಬೆಲೆ 150 ರೂಪಾಯಿ. ಬೆಲೆ ತೀರಾ ಕಡಿಮೆ, ಮೇಲಾಗಿ ಜನ ಇದಕ್ಕೆ ಭಕ್ತಿಯಿಂದ ನಡೆದುಕೊಳ್ಳುತ್ತಾರೆ ಎಂದು ಸ್ಥಳೀಯ ಅಧಿಕಾರಿಗಳು ಮೇಲಕ್ಕೆ ಬರೆದರು. ಮಾರಾಟ ರದ್ದಾಯಿತು. ಅದಕ್ಕೂ ಮೂರು ದಶಕ ಮೊದಲು, 1823ರಲ್ಲಿ, ಮುಂಬೈ ಸರಕಾರ ಇದೇ ತೋಪನ್ನು ಇಂಗ್ಲೆಂಡಿಗೆ ಸಾಗಿಸುವ ಯೋಚನೆ ಮಾಡಿತ್ತು. ಸಮುದ್ರದ ದಂಡೆಯವರೆಗಿನ ರಸ್ತೆಗಳು ಅಷ್ಟು ಭಾರ ತಾಳುವುದಿಲ್ಲವೆಂದು ಆ ಯೋಚನೆ ಅಲ್ಲಿಗೇ ನಿಂತಿತು. ಹೊತ್ತೊಯ್ಯುವ ಆಸೆಯಿಂದಲೂ ಮಾರಿ ಮುಗಿಸುವ ಅವಸರದಿಂದಲೂ ಪಾರಾಗಿ ಆ ತೋಪು ಇವತ್ತಿಗೂ ಶೇರ್ಜಾ ಬುರುಜಿನ ಮೇಲೆ ಕೂತಿದೆ. ಜೇವರ್ಗಿಯ ಹುಡುಗನೊಬ್ಬ ಸಿಂದಗಿ ಮಾರ್ಗವಾಗಿ ಹೊರಟರೆ ಮಧ್ಯಾಹ್ನದೊಳಗೆ ಅದರ ಮುಂದೆ ನಿಲ್ಲಬಹುದು.

ಹಳೆಯ ತೋಪು, ಫಿರಂಗಿ, ಮದ್ದುಗುಂಡಿನ ಸಾಮಾನು ಕೂಡಿಡುವುದು ಬ್ರಿಟನ್, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸ. ಸೇನೆ ಕೈಬಿಟ್ಟ ತೋಪು ಕೊಂಡು, ಗಾಲಿ ರಿಪೇರಿ ಮಾಡಿಸಿ, ಮೂಲದ ಬಣ್ಣ ಹುಡುಕಿ ಬಳಿದು, ಜಾತ್ರೆ ಮೈದಾನದಂಥ ಜಾಗದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಇಂಥ ಚಿತ್ರಗಳು ಮೊಬೈಲ್‌ನಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರಿಗೂ ಸಿಗುತ್ತವೆ. ಅವರ ಕುತೂಹಲವನ್ನು ನಾನು ಮೆಚ್ಚುತ್ತೇನೆ. ಆದರೆ ಈ ಮೂರು ತಾಲ್ಲೂಕಿನವರಿಗೆ ಆ ಹವ್ಯಾಸದ ದಾರಿ ಬೇರೆಯಾಗಬೇಕು. ತೋಪು ಕೊಳ್ಳಲು ದೂರ ಅಲೆಯುವ ಅಗತ್ಯ ನಮಗಿಲ್ಲ. ದಖ್ಖನ್ನಿನ ತೋಪುಗಳ ನಡುವೆಯೇ ನಮ್ಮ ಮನೆಗಳಿವೆ. ನಾವು ಕೂಡಿಡಬೇಕಾದದ್ದು ಅವುಗಳ ಅಳತೆ, ಹೆಸರು, ಕಥೆ ಮತ್ತು ಮಾದರಿ. ತೋಪು ಮಾತ್ರ ಇದ್ದಲ್ಲೇ ಇರಬೇಕು.

ಸುತ್ತಲೂ ತೋಪಿನ ಊರುಗಳು

ನಕಾಶೆ ಬಿಡಿಸಿ ನೋಡಿದರೆ ಇದು ತಟ್ಟನೆ ತಿಳಿಯುತ್ತದೆ. ಮೂರೂ ತಾಲ್ಲೂಕಿಗೆ ಹತ್ತಿರದ್ದು ಕಲಬುರಗಿ ಕೋಟೆ. ಅಲ್ಲಿಯ ಬಾರಾ ಗಜಿ ತೋಪು 29 ಅಡಿ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು ಇದೇ ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿನ ಲಂಬಚರಿ ತೋಪು 30 ಅಡಿ ದಾಟುತ್ತದೆ. ಹೀಗಾಗಿ ಆ ಮಾತನ್ನು ಹೇಳುವ ಮುನ್ನ ಟೇಪು ಹಿಡಿಯಬೇಕು. ಯಾವುದು ಉದ್ದವಾದರೂ ಎರಡೂ ನಮ್ಮವೇ.

ಆಳಂದದಿಂದ ಉಮರ್ಗಾ ಕಡೆಗೆ ಹೊರಟು ಸೊಲ್ಲಾಪುರ ಹೆದ್ದಾರಿ ಹಿಡಿದರೆ ನಳದುರ್ಗ. ಬೋರಿ ನದಿಗೆ ಅಣೆಕಟ್ಟು ಕಟ್ಟಿ, ಅದರ ಒಡಲಲ್ಲೇ ಪಾಣಿ ಮಹಲ್ ಕಟ್ಟಿದ ಆದಿಲಶಾಹಿ ಕೋಟೆ ಅದು. ಅಲ್ಲಿಯ ಎತ್ತರದ ಬುರುಜಿನ ಮೇಲೆ ಹಾಥಿ ತೋಪು, ಮಗರ್ ತೋಪುಗಳಿವೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಪರಾಂಡಾ. ಮಲಿಕ್-ಎ-ಮೈದಾನ್ ವಿಜಯಪುರಕ್ಕೆ ಬರುವ ಮುನ್ನ ಇದ್ದದ್ದು ಆ ಕೋಟೆಯಲ್ಲಿ. ಜೇವರ್ಗಿಯ ದಕ್ಷಿಣಕ್ಕೆ ಸುರಪುರದ ನಾಯಕರ ವಾಗಿನಗೇರಾ. ಔರಂಗಜೇಬ ಖುದ್ದಾಗಿ ಬಂದು ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ನಡೆದದ್ದು ಈ ಗುಡ್ಡದ ಮೇಲೆ. ಇನ್ನೂ ಕೆಳಗಿಳಿದರೆ ರಾಯಚೂರು. 1520ರಲ್ಲಿ ಕೃಷ್ಣದೇವರಾಯ ಅಲ್ಲಿ ಆದಿಲಶಾಹಿ ಸೈನ್ಯವನ್ನು ಸೋಲಿಸಿದಾಗ 400 ದೊಡ್ಡ ತೋಪುಗಳೂ 900 ತೋಪಿನ ಗಾಡಿಗಳೂ ಕೈವಶವಾದವೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅಷ್ಟು ತೋಪು ಇದ್ದ ಸೈನ್ಯ ಸೋತಿತು. ತೆರೆದ ಬಯಲಿನಲ್ಲಿ ಒಂದು ಸಲ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಕುದುರೆ ದಂಡು ಮೈಮೇಲೆ ಬರುತ್ತಿತ್ತು.

ಅಲ್ಲಿಂದಾಚೆ ದಖ್ಖನ್ನಿನ ಸುಲ್ತಾನರು ಕೋಟೆಗಳನ್ನೇ ತೋಪಿಗೆ ತಕ್ಕಂತೆ ತಿದ್ದಿದರು. 16ನೇ ಶತಮಾನದ ನಡುಭಾಗದ ನಂತರ ಬುರುಜುಗಳು ಅಗಲವಾದವು, ಎತ್ತರವಾದವು. ಅವುಗಳ ನೆತ್ತಿಯ ಮೇಲೆ ತೋಪು ಸುತ್ತಲೂ ತಿರುಗುವಂಥ ಕಟ್ಟೆಗಳು ಬಂದವು. ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಈ ಬದಲಾವಣೆಯನ್ನು ದಖ್ಖನ್ನಿನದೇ ಸ್ವಂತ ಸಾಧನೆಯೆಂದು ಗುರುತಿಸಿದ್ದಾರೆ. ಯುರೋಪಿನ ಕೋಟೆಗಳು ತೋಪಿಗೆ ಹೆದರಿ ಗೋಡೆ ತಗ್ಗಿಸುತ್ತಿದ್ದ ಕಾಲದಲ್ಲಿ ನಮ್ಮವರು ತೋಪನ್ನು ಎತ್ತರಕ್ಕೆ ಏರಿಸಿದರು. ವಿಜಯಪುರದ ಉಪ್ಪಲಿ ಬುರುಜು ಈ ಯೋಚನೆಯ ಅತಿ ಸ್ಪಷ್ಟ ಉದಾಹರಣೆ. ಹೊರಗೋಡೆಯಿಂದ ದೂರ, ಊರೊಳಗೆ, ಸುಮಾರು 80 ಅಡಿ ಎತ್ತರಕ್ಕೆ ಒಂಟಿಯಾಗಿ ನಿಂತಿದೆ. ಮೆಟ್ಟಿಲು ಹೊರಮೈಗೇ ಸುತ್ತಿಕೊಂಡು ಏರುತ್ತದೆ.

ಕಬ್ಬಿಣದ ತೋಪನ್ನು ಹತ್ತಿರದಿಂದ

ಇಂಥ ತೋಪಿನ ಪಕ್ಕ ಕೂತು ನೋಡುವುದೇ ಈ ಹವ್ಯಾಸದ ಮೊದಲ ಪಾಠ. ಬಾರಾ ಗಜಿಯಂಥ ಉದ್ದನೆಯ ಕಬ್ಬಿಣದ ತೋಪನ್ನು ದೂರದಿಂದ ನೋಡಿದರೆ ಒಂದೇ ನುಣುಪಾದ ಕೊಳವೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಮೈತುಂಬ ಉಂಗುರಗಳು, ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ, ಬಾಯಿಯಿಂದ ಬುಡದವರೆಗೆ. ಬಾಯೊಳಗೆ ಇಣುಕಿದರೆ ಉದ್ದುದ್ದಕ್ಕೆ ಓಡುವ ಸಣ್ಣ ಗೆರೆಗಳು ಕಾಣುತ್ತವೆ. ಆ ಗೆರೆಗಳು ಪಟ್ಟಿಗಳ ಸಂದು. ತೋಪು ಹುಟ್ಟಿದ ಬಗೆ ಅಲ್ಲೇ ಬರೆದಿದೆ.

ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವಷ್ಟು ಕಾವು ಅಂದಿನ ನಮ್ಮ ಕುಲುಮೆಗಳಲ್ಲಿ ಏಳುತ್ತಿರಲಿಲ್ಲ. ಆದ್ದರಿಂದ ಬಡಿದೇ ಮಾಡಬೇಕು. ಮೊದಲು ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ದುಂಡಗೆ ಜೋಡಿಸಿ ಕೊಳವೆ ಮಾಡುತ್ತಿದ್ದರು. ಅದರ ಮೇಲೆ ಕೆಂಪಗೆ ಕಾದ ಉಂಗುರಗಳನ್ನು ಒಂದೊಂದಾಗಿ ತೂರಿಸಿ, ಬಡಿದು, ಪಕ್ಕದ ಉಂಗುರಕ್ಕೆ ಬೆಸೆಯುತ್ತಿದ್ದರು. ಕಾದ ಉಂಗುರ ಆರುವಾಗ ಕುಗ್ಗಿ ಒಳಗಿನ ಪಟ್ಟಿಗಳನ್ನು ಅಪ್ಪಿ ಹಿಡಿಯುತ್ತದೆ. ನಮ್ಮ ಕಂಬಾರರು ಎತ್ತಿನ ಗಾಡಿಯ ಗಾಲಿಗೆ ಹಳಿ ಬಿಗಿಯುವುದು ಇದೇ ತತ್ವದ ಮೇಲೆ. ದೊಡ್ಡ ತೋಪಿಗೆ ಒಂದರ ಮೇಲೊಂದು ಎರಡು ಮೂರು ಪದರ ಉಂಗುರ ಹಾಕುತ್ತಿದ್ದರು. ಮದ್ದು ತುಂಬುವ ಬುಡದ ಕಡೆ ಒತ್ತಡ ಹೆಚ್ಚು, ಅಲ್ಲಿ ಪದರವೂ ಹೆಚ್ಚು. ಇಂಥ ಬೆಸುಗೆಯ ಕಬ್ಬಿಣದ ತೋಪುಗಳ ಬಗ್ಗೆ ಕಾನ್ಪುರ ಐಐಟಿಯ ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಮಣ್ಯಂ ವರ್ಷಗಟ್ಟಲೆ ಅಧ್ಯಯನ ಮಾಡಿದರು. ದೆಹಲಿಯ ಕಬ್ಬಿಣದ ಕಂಬ ತುಕ್ಕು ಹಿಡಿಯದ ಕಾರಣ ವಿವರಿಸಿದವರೂ ಅವರೇ. ಭಾರತದ ತೋಪುಗಳ ಕುರಿತ ಅವರ ಪುಸ್ತಕ 2008ರಲ್ಲಿ ಬಂತು.

ಮಲಿಕ್-ಎ-ಮೈದಾನ್ ಇದಕ್ಕೆ ತೀರಾ ಭಿನ್ನ. ಅದು ಎರಕದ ತೋಪು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ರೂಮಿ ಎಂಬ ತುರ್ಕಿ ಮೂಲದ ಕುಶಲಕರ್ಮಿ ಎರಕ ಹೊಯ್ದ. ಅವನ ಹೆಸರು ತೋಪಿನ ಮೈಮೇಲೇ ಇದೆ. ಉದ್ದ 14 ಅಡಿ 4 ಇಂಚು, ತೂಕ ಸುಮಾರು 55 ಟನ್ ಎಂಬುದು ರೂಢಿಯ ಲೆಕ್ಕ. ಬಾಯಿಯ ಒಳ ಅಗಲ ಎರಡು ಅಡಿಗಿಂತ ಹೆಚ್ಚು. ಆ ಬಾಯಿಯೇ ಸಿಂಹದ ತೆರೆದ ಬಾಯಿ. ಬಗ್ಗಿ ನೋಡಿದರೆ ಅದರ ಹಲ್ಲುಗಳ ನಡುವೆ ಸಿಕ್ಕಿ ನುಗ್ಗಾಗುತ್ತಿರುವ ಪುಟ್ಟ ಆನೆ ಕಾಣುತ್ತದೆ. ಬೆರಳ ಗೆಣ್ಣಿನಿಂದ ಮೈ ತಟ್ಟಿದರೆ ಗಂಟೆಯ ನಾದ ಹೊರಡುತ್ತದೆ. ಕಾರಣ ಲೋಹದಲ್ಲಿದೆ. ಪರೀಕ್ಷೆ ಮಾಡಿದವರಿಗೆ ಸಿಕ್ಕದ್ದು ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಸಾಮಾನ್ಯವಾಗಿ ತೋಪಿನ ಕಂಚಿಗೆ ಬೆರೆಸುವ ತವರ ಹತ್ತರಲ್ಲಿ ಒಂದು ಪಾಲು ಮಾತ್ರ. ಗುಡಿಯ ಗಂಟೆಗೆ ಹಾಕುವಷ್ಟು ತವರ ಇದರಲ್ಲಿದೆ.

1565ರ ತಾಳಿಕೋಟೆ ಕಾಳಗದಲ್ಲಿ ನಿಜಾಮಶಾಹಿ ತೋಪಖಾನೆ 600 ತೋಪುಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿತ್ತು, ಹತ್ತಿರ ಬಂದ ವಿಜಯನಗರದ ದಂಡಿನ ಮೇಲೆ ತಾಮ್ರದ ನಾಣ್ಯಗಳ ಚೀಲ ತುಂಬಿ ಹಾರಿಸಿತು ಎಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಮಲಿಕ್-ಎ-ಮೈದಾನ್ ಕೂಡ ಅಲ್ಲಿತ್ತೆಂಬುದು ಪ್ರತೀತಿ. 1632ರಲ್ಲಿ ಆದಿಲಶಾಹಿ ಸರದಾರ ಮುರಾರಿ ಪಂಡಿತ ಅದನ್ನು ಪರಾಂಡಾದಿಂದ ವಿಜಯಪುರಕ್ಕೆ ತಂದ. ಎಳೆಯಲು 10 ಆನೆ, 400 ಎತ್ತು, ನೂರಾರು ಆಳು ಬೇಕಾಯಿತೆಂದು ಹೇಳುತ್ತಾರೆ. 1686ರಲ್ಲಿ ವಿಜಯಪುರ ಗೆದ್ದ ಔರಂಗಜೇಬ ತಾನು ಈ ತೋಪನ್ನು ವಶಪಡಿಸಿಕೊಂಡೆನೆಂದು ಅದರ ಮೇಲೇ ಕೆತ್ತಿಸಿದ. ಎರಕ ಹೊಯ್ದವನ ಹೆಸರು ಒಂದು ಕಡೆ, ಗೆದ್ದವನ ಹೆಸರು ಇನ್ನೊಂದು ಕಡೆ. ಇದನ್ನು ಯಾರದೋ ಅಂಗಳಕ್ಕೆ ಒಯ್ದು ನಿಲ್ಲಿಸಿದ್ದರೆ ತೋಪು ಉಳಿಯುತ್ತಿತ್ತು. ಯಾವ ದಿಕ್ಕಿಗೆ ಬಾಯಿ ಮಾಡಿ ಯಾವ ಬುರುಜಿನಿಂದ ಯಾವ ಬಯಲನ್ನು ಕಾಯುತ್ತಿತ್ತು ಎಂಬುದು ಹೋಗುತ್ತಿತ್ತು.

ಬರೆದದ್ದನ್ನೂ ಪರೀಕ್ಷಿಸಬೇಕು

ಕಲಬುರಗಿಯ ತೋಪುಗಳೆಲ್ಲ ಬಹಮನಿ ಸುಲ್ತಾನರವು ಎಂದು ಎಷ್ಟೋ ಜನ ಹೇಳುತ್ತಾರೆ. ಬಹಮನಿ ಅರಸರು 14ನೇ ಶತಮಾನದಲ್ಲೇ ತೋಪಿನ ಕಾರಖಾನೆ ತೆರೆದರೆಂದು ಬರೆದವನೂ ಫರಿಶ್ತಾನೇ. ಆದರೆ ಅವನು ವಿಜಯಪುರದಲ್ಲಿ ಕೂತು ಬರೆದದ್ದು 17ನೇ ಶತಮಾನದ ಆರಂಭದಲ್ಲಿ. ತನ್ನ ಕಾಲದ ಯುದ್ಧವನ್ನು ಎರಡೂವರೆ ಶತಮಾನ ಹಿಂದಕ್ಕೆ ಹಾಕಿ ಬರೆದಿದ್ದಾನೆ ಎಂಬ ಶಂಕೆ ಇಂದಿನ ವಿದ್ವಾಂಸರಿಗಿದೆ. ಈ ಗೊಂದಲ ಬಿಡಿಸಲು ಬೇಕಾದ ಸಾಕ್ಷಿ ತೋಪಿನ ಮೈಯಲ್ಲೇ ಇದೆ. ಉಂಗುರಗಳ ಅಗಲ ಎಷ್ಟು, ಎಷ್ಟು ಪದರ, ಎರಡೂ ಪಕ್ಕಕ್ಕೆ ಚಾಚಿದ ಗಟ್ಟಿ ತೋಳುಗಳಿವೆಯೇ, ಅವು ಕೂರುವ ಕಬ್ಬಿಣದ ಕವೆ ಉಳಿದಿದೆಯೇ, ಕಟ್ಟೆಯ ನಡುವೆ ತಿರುಗಣಿ ಗೂಟದ ತೂತು ಇದೆಯೇ, ಎತ್ತಲು ಹಾಕಿದ ಬಳೆಗಳೆಷ್ಟು, ಬತ್ತಿ ಹಚ್ಚುವ ತೂತು ಎಲ್ಲಿದೆ. ಇಷ್ಟನ್ನು ಎಚ್ಚರದಿಂದ ಬರೆದಿಟ್ಟರೆ ಒಬ್ಬ ಹವ್ಯಾಸಿಯ ನೋಟ್‌ಬುಕ್ಕು ಸಂಶೋಧಕನಿಗೆ ಆಧಾರವಾಗುತ್ತದೆ.

ಈ ನೆಲದಲ್ಲಿ ಅದಕ್ಕೆ ಹಳೆಯ ಮಾದರಿಯೂ ಇದೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಜೇವರ್ಗಿ ಬಳಿಯ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ಪ್ರಕಟಿಸಿದ. ಭಾರತದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನದ ಮೊದಲ ಪುಟಗಳಲ್ಲಿ ಜೇವರ್ಗಿಯ ಹೆಸರು ಸೇರಿದ್ದು ಹೀಗೆ. ಕೆಲಸದ ನಡುವಿನ ಬಿಡುವಿನಲ್ಲಿ ಒಬ್ಬ ಅಧಿಕಾರಿ ಮಾಡಿದ ಹವ್ಯಾಸ ಅದು.

ತಾತಂದಿರ ನೆನಪಿನ ತೋಪು

ಹಳೆಯ ತೋಪೆಂದರೆ ಸುಲ್ತಾನರ ಕಾಲದ್ದೇ ಆಗಬೇಕಿಲ್ಲ. 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿ ಹಿಡಿದಾಗ ಮೊದಲು ಎದುರಾದದ್ದು ನಳದುರ್ಗ. ಬೋರಿ ನದಿಯ ಸೇತುವೆಯನ್ನು ನಿಜಾಮರ ಸೈನ್ಯ ಸ್ಫೋಟಿಸುವ ಮುನ್ನವೇ ಭಾರತದ ಪಡೆ ವಶಕ್ಕೆ ತೆಗೆದುಕೊಂಡಿತು. ಐದು ದಿನದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ವಶವಾಗಿ ಎಲ್ಲ ಮುಗಿಯಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆಗ ನಿಜಾಮರ ಗುಲ್ಬರ್ಗಾ ಜಿಲ್ಲೆಯವು. ನಾವು ಸೆಪ್ಟೆಂಬರ್ 17ರಂದು ಧ್ವಜ ಏರಿಸುವುದು ಇದೇ ಕಾರಣಕ್ಕೆ.

ಆ ಕಾಲದ ಭಾರತೀಯ ಸೇನೆಯ ಮುಖ್ಯ ಮೈದಾನ ತೋಪು 25 ಪೌಂಡರ್. ಅದರ ಗುಂಡಿನ ತೂಕ 25 ಪೌಂಡು, ಅಂದರೆ ಹನ್ನೊಂದು ಕಿಲೋ ಚಿಲ್ಲರೆ. ನಳಿಗೆಯ ಒಳ ಅಗಲ 87.6 ಮಿಲಿಮೀಟರ್. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದ ಮರಳಿನಿಂದ ಬರ್ಮಾದ ಕಾಡಿನವರೆಗೆ ನಮ್ಮ ಸೈನಿಕರು ಬಳಸಿದ ತೋಪು ಇದು. ಆಗ ಹತ್ತು ವರ್ಷದ ಹುಡುಗರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ತೋಪಿನ ಸದ್ದು ಊರಿಗೆ ಕೇಳಿತೇ, ರಜಾಕಾರರ ಕಾಟಕ್ಕೆ ಗಡಿ ದಾಟಿ ಹೋದ ಮನೆಗಳವರು ಯಾವಾಗ ತಿರುಗಿ ಬಂದರು, ಈ ಪ್ರಶ್ನೆಗಳಿಗೆ ಅವರ ಉತ್ತರವನ್ನು ಮೊಬೈಲ್‌ನಲ್ಲಿ ದಾಖಲಿಸಿಕೊಳ್ಳುವುದು ಈ ಹವ್ಯಾಸದ ಅತಿ ಜರೂರಿನ ಕೆಲಸ. ಕಬ್ಬಿಣ ಇನ್ನೂ ನೂರು ವರ್ಷ ಕಾಯಬಹುದು, ಈ ನೆನಪುಗಳು ಕಾಯುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ

ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ಹಳೆಯ ವಸ್ತುವಿಗೆ ನಿಧಿ ಕಾಯ್ದೆ ಅನ್ವಯಿಸುತ್ತದೆ. ಸಿಕ್ಕವರು ಆಡಳಿತಕ್ಕೆ ತಿಳಿಸಲೇಬೇಕು. ಸಂರಕ್ಷಿತ ಸ್ಮಾರಕದ ಒಂದು ಗುಂಡನ್ನು ಮನೆಗೆ ತಂದರೂ ಅದು ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆ ಮಾತ್ರ ಒಂದು ಕಿಟಕಿ ತೆರೆದಿಟ್ಟಿದೆ. ಬಳಕೆ ತಪ್ಪಿದ, ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಅದರ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ವಾಡೆಯ ಪಡಸಾಲೆಯಲ್ಲಿ ತಲೆಮಾರಿನಿಂದ ಬಂದ ಸಣ್ಣ ತೋಪು ಇಟ್ಟುಕೊಂಡವರು ಅದನ್ನು ಮುಚ್ಚಿಡುವ ಬದಲು ಪುರಾತತ್ವ ಇಲಾಖೆಯವರಿಗೆ ತೋರಿಸಿ, ಕಾಗದಪತ್ರ ಸರಿ ಮಾಡಿಕೊಳ್ಳುವುದು ಒಳ್ಳೆಯದು.

ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಮದ್ದು ತುಂಬಿರಬಹುದಾದ ಗುಂಡನ್ನು ಮುಟ್ಟಬಾರದು. ಒಣಗಿದ ಕರಿಮದ್ದು ನೂರಾರು ವರ್ಷದ ನಂತರವೂ ಸಿಡಿಯುತ್ತದೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅನುಭವಿ ಸಂಗ್ರಾಹಕರೊಬ್ಬರು 1860ರ ದಶಕದ ಅಂತರ್ಯುದ್ಧದ ಗುಂಡೊಂದನ್ನು ಶುಚಿ ಮಾಡುವಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು. ಸಿಕ್ಕಿದ್ದು ಸಿಕ್ಕಲ್ಲೇ ಇರಲಿ, 112ಕ್ಕೆ ಫೋನ್ ಹೋಗಲಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಪಾಳುಬಾವಿಯಲ್ಲಿ ಮೈಸೂರು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಾಗ ಪುರಾತತ್ವ ಇಲಾಖೆಯವರೇ ಅವನ್ನು ತೆಗೆಸಿ ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ಜಗತ್ತಿನಲ್ಲಿ ಇಷ್ಟೊಂದು ಮೈಸೂರು ರಾಕೆಟ್ಟುಗಳು ಒಂದೆಡೆ ಇರುವುದು ಇವತ್ತು ಅಲ್ಲಿ ಮಾತ್ರ.

ಪ್ರದರ್ಶನಕ್ಕೂ ಒಂದು ರೀತಿ ಇದೆ

ತೋಪನ್ನು ಚೆಂದಗಾಣಿಸುವ ಉತ್ಸಾಹದಲ್ಲಿ ಬೆಳ್ಳಿ ಬಣ್ಣವನ್ನೋ ಕಪ್ಪು ಆಯಿಲ್ ಪೇಂಟನ್ನೋ ಬಳಿಯುತ್ತಾರೆ. ಅಕ್ಷರಗಳ ಗೆರೆ ತುಂಬಿ ಹೋಗುತ್ತದೆ, ಬಣ್ಣದ ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಬುಡವನ್ನು ಸಿಮೆಂಟಿನಲ್ಲಿ ಹುಗಿದರೆ ತೇವ ನಿಂತು ಅಲ್ಲಿಂದಲೇ ಕಬ್ಬಿಣ ಕೊರೆಯುತ್ತದೆ. ಬಾಯಿ ಮೇಲಕ್ಕೆತ್ತಿ ನಿಲ್ಲಿಸಿದರೆ ಮಳೆನೀರು, ಎಲೆ, ಕಸ ಒಳಗೆ ಸೇರುತ್ತದೆ. ಸರಿಯಾದ ಕ್ರಮ ಸರಳ. ನೆಲದಿಂದ ಎತ್ತರಕ್ಕೆ, ಗಾಳಿ ಆಡುವಂತೆ ಎರಡು ಕಡೆ ಆಧಾರ ಕೊಟ್ಟು, ನೀರು ಜಾರುವಷ್ಟು ಬಾಯಿ ಕೆಳಗೆ ಮಾಡಬೇಕು. ಸಡಿಲ ತುಕ್ಕು ಮಾತ್ರ ತೆಗೆದು, ಉಳಿದದ್ದನ್ನು ಟ್ಯಾನಿಕ್ ಆಮ್ಲದಿಂದ ಸ್ಥಿರಗೊಳಿಸಿ, ಮೇಣದ ತೆಳು ಲೇಪ ಕೊಡಬೇಕು. ಇದು ತರಬೇತಿ ಪಡೆದ ಸಂರಕ್ಷಕರ ಕೆಲಸ. ಅವರನ್ನು ಕರೆಸಿ ಎಂದು ಒತ್ತಾಯಿಸುವುದು ಊರವರ ಕೆಲಸ. ಪಕ್ಕದಲ್ಲಿ ಕನ್ನಡದ ಫಲಕ ಇರಲಿ. ಅದರಲ್ಲಿ ಹೆಸರು, ಅಳತೆ, ಲೋಹ, ಕಾಲ, ಮಾಡಿದ ಬಗೆ ಇರಲಿ.

ತೋಪನ್ನು ಬಳಕೆಯಲ್ಲಿಟ್ಟೇ ಉಳಿಸಿಕೊಂಡ ಊರೂ ನಮ್ಮಲ್ಲಿದೆ. ಮೈಸೂರು ದಸರೆಯಲ್ಲಿ ನಗರ ಸಶಸ್ತ್ರ ಮೀಸಲು ಪಡೆಯವರು ಅರಮನೆಯ ಫಿರಂಗಿ ಗಾಡಿಗಳಿಂದ 21 ಕುಶಾಲತೋಪು ಹಾರಿಸುತ್ತಾರೆ. ಏಳು ಫಿರಂಗಿ, ತಲಾ ಮೂರು ಸುತ್ತು, ಅದೂ ರಾಷ್ಟ್ರಗೀತೆ ಮುಗಿಯುವುದರೊಳಗೆ. ಪ್ರತಿ ಸುತ್ತಿನ ನಂತರ ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ನಳಿಗೆಯೊಳಗಿನ ಕಿಡಿ ಆರಿಸಿಯೇ ಮುಂದಿನ ಮದ್ದು ತುಂಬಬೇಕು. ಅದಕ್ಕಾಗಿ ಹಬ್ಬದ ಮೊದಲೇ ದಿನಗಟ್ಟಲೆ ತಾಲೀಮು ನಡೆಯುತ್ತದೆ. ಪರಿಣತರ ಕೈಯಲ್ಲಿ, ಸರಕಾರದ ಹೊಣೆಯಲ್ಲಿ ಮಾತ್ರ ಆಗುವ ಕೆಲಸ ಅದು.

ಆಧುನಿಕ ಕಾಲದ ತೋಪನ್ನು ಶಾಲೆಯ ಅಂಗಳದಲ್ಲೋ ಪಟ್ಟಣದ ವೃತ್ತದಲ್ಲೋ ನಿಲ್ಲಿಸುವ ಆಸೆಯಿದ್ದರೆ ರಾಜಮಾರ್ಗ ಒಂದಿದೆ. ಸೇನೆ ಸೇವೆಯಿಂದ ತೆಗೆದ ತೋಪು, ಟ್ಯಾಂಕುಗಳನ್ನು ನಿಷ್ಕ್ರಿಯಗೊಳಿಸಿ ರಕ್ಷಣಾ ಸಚಿವಾಲಯದ ಒಪ್ಪಿಗೆಯೊಂದಿಗೆ ಸಂಸ್ಥೆಗಳಿಗೆ, ನಗರಗಳಿಗೆ ಕೊಡುತ್ತದೆ. ನೋಡಿ ಬರಬೇಕೆಂದರೆ ಅಹಮದನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, 1994ರಿಂದ ಟ್ಯಾಂಕ್ ವಸ್ತುಸಂಗ್ರಹಾಲಯ ಇದೆ. ಇನ್ನೂ ಹತ್ತಿರ, ಗೋಲಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಂನಲ್ಲಿ ಆದಿಲಶಾಹಿ ಕಾಲದ ಆಯುಧಗಳೂ ಅದರ ಮುಂದೆ ತೋಪುಗಳೂ ಇವೆ.

ಈ ಚಳಿಗಾಲಕ್ಕೆ ಕೆಲಸ

ನಮ್ಮ ಊರುಗಳಲ್ಲಿ ಹುಡೇವು ಉಳಿದಿವೆ. ಕಲ್ಲು ಮಣ್ಣಿನ ದುಂಡನೆಯ ಬುರುಜು, ನೆತ್ತಿಯ ಮೇಲೆ ಗಿಡಗಂಟಿ. ದರೋಡೆಕೋರರು, ದಂಡಿನವರು ಬಂದಾಗ ಊರನ್ನು ಕಾದದ್ದು ಇವು. ಕೋಟೆಯ ತೋಪಿಗೆ ಸರಕಾರದ ಕಾವಲಿದೆ, ಹುಡೇವಿಗೆ ಯಾರೂ ಇಲ್ಲ. ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಕುಸಿಯುತ್ತವೆ, ಕಲ್ಲು ಮನೆ ಕಟ್ಟಲು ಹೋಗುತ್ತದೆ. ಹಾಗಾಗಿ ಮೊದಲ ಸಂಗ್ರಹ ಇಲ್ಲಿಂದ ಶುರುವಾಗಲಿ. ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ನಾಲ್ಕು ಹುಡುಗ ಹುಡುಗಿಯರನ್ನು ಕರೆದುಕೊಂಡು ತಮ್ಮ ಹೋಬಳಿಯ ಹುಡೇವುಗಳ ಸುತ್ತಳತೆ, ಎತ್ತರ, ತೋಪಿನ ಕಿಂಡಿ ಅಥವಾ ಬಂದೂಕಿನ ಕಿಂಡಿಗಳ ಸಂಖ್ಯೆ ಬರೆಯಲಿ, ಅಳತೆಕೋಲು ಇಟ್ಟು ಫೋಟೊ ತೆಗೆಯಲಿ, ಮೊಬೈಲ್‌ನಿಂದ ಜಾಗದ ಗುರುತು ದಾಖಲಿಸಲಿ.

ಆಮೇಲೆ ಮಾದರಿ. 29 ಅಡಿಯ ಬಾರಾ ಗಜಿಯನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೆ ಮೂರು ಅಡಿಗಿಂತ ಸುಮಾರು ಒಂದು ಇಂಚು ಕಡಿಮೆ. ಬಡಿಗೇರರ ಕೈಯಲ್ಲಿ ಸಾಗುವಾನಿಯಲ್ಲಿ ಕಡೆಸಬಹುದು, ಕಂಬಾರರು ಒಪ್ಪಿದರೆ ನಿಜವಾದ ಪಟ್ಟಿ, ಉಂಗುರಗಳಿಂದಲೇ ಕಟ್ಟಿಸಬಹುದು. ಉಂಗುರ ಕಾಯಿಸಿ ಬಿಗಿಯುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಲೋಹ ಹಿಗ್ಗುವ ಪಾಠವನ್ನು ಜನ್ಮದಲ್ಲಿ ಮರೆಯುವುದಿಲ್ಲ. 25 ಪೌಂಡರಿನ ಮಾದರಿ ಬೇಕಾದವರಿಗೆ ಟಮಿಯಾ ಕಂಪನಿಯ 35ನೇ ಒಂದು ಪಾಲಿನ ಪ್ಲಾಸ್ಟಿಕ್ ಕಿಟ್ ಇದೆ.

ಅಳತೆಯ ಪುಸ್ತಕ, ಫೋಟೊ, ಹಿರಿಯರ ಧ್ವನಿ, ಮೂರಡಿಯ ಮಾದರಿ ಇಷ್ಟೂ ಸೇರಿದರೆ ಒಂದು ಶಾಲೆಯ ಕೋಣೆಯಲ್ಲಿ ಹಿಡಿಯುವ ಪ್ರದರ್ಶನ ಸಿದ್ಧ. ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಇನ್ನೊಂದು ಕಲಬುರಗಿಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಲಿ. ಮುಂದೆ ಯಾರಾದರೂ ಹುಡೇವು ಕೆಡವಲು, ತೋಪು ಕದಿಯಲು ಬಂದರೆ ಇದು ಇಲ್ಲಿತ್ತು, ಇಷ್ಟಿತ್ತು, ಹೀಗಿತ್ತು ಎಂದು ಹೇಳಲು ಊರಿನ ಕೈಯಲ್ಲಿ ದಾಖಲೆ ಇರುತ್ತದೆ. ಹಣವಿದ್ದ ಸಂಗ್ರಾಹಕ ಒಂದು ತೋಪು ಕೊಳ್ಳಬಹುದು. ಟೇಪು, ನೋಟ್‌ಬುಕ್ಕು, ತಾಳ್ಮೆ ಇದ್ದವರು ಇಡೀ ಸೀಮೆಯ ತೋಪುಗಳನ್ನೂ ಹುಡೇವುಗಳನ್ನೂ ಊರಿಗೇ ಉಳಿಸಿಕೊಡಬಹುದು.